ನಿಮಗಿದು ಗೊತ್ತೇ? ಹೃದಯ ಚಿಕಿತ್ಸೆಯ ಲೆಕ್ಕ ಜನರ ಮುಂದೆ ಬಂದಾಗ

ಆಲ್ದೂರಿನ ಯಾವ ಕಾಫಿ ಬೆಳೆಗಾರರನ್ನಾದರೂ ಕೇಳಿ, ತಮ್ಮ ಚೆರಿಯ ಔಟ್‌ಟರ್ನ್ ಎಷ್ಟೆಂದು ಥಟ್ಟನೆ ಹೇಳುತ್ತಾರೆ. ಮೂಟೆಗೆ ಎಷ್ಟು ಕಿಲೋ ಬೀಜ ಇಳಿಯಿತು, ಯಾವ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಎಷ್ಟು ಬಂತು, ಪಕ್ಕದ ತೋಟದವರಿಗೆ ಎಷ್ಟು ಸಿಕ್ಕಿತು ಎಲ್ಲವೂ ನಾಲಿಗೆ ತುದಿಯಲ್ಲಿರುತ್ತದೆ. ಅದೇ ಮನೆಯ ಹಿರಿಯರಿಗೆ ಸ್ಟೆಂಟ್ ಹಾಕಿಸಬೇಕಾಗಿ ಬಂದಾಗ, ಆ ಆಸ್ಪತ್ರೆಯಲ್ಲಿ ಕಳೆದ ವರ್ಷ ಎಷ್ಟು ಜನರಿಗೆ ಹಾಕಿದರು, ಅವರಲ್ಲಿ ಎಷ್ಟು ಜನ ಆರಾಮಾಗಿ ಮನೆಗೆ ಬಂದರು ಎಂಬ ಲೆಕ್ಕ ಯಾರ ಕೈಯಲ್ಲೂ ಇರುವುದಿಲ್ಲ.

ಜಗತ್ತಿನ ಕೆಲವು ಕಡೆ ಈ ಲೆಕ್ಕವನ್ನು ಜನರ ಮುಂದೆ ಇಟ್ಟಿದ್ದಾರೆ. ಅಲ್ಲಿ ಏನಾಯಿತು? ನಮ್ಮ ಕರ್ನಾಟಕದಲ್ಲಿ ಏನಾಗಿದೆ? ಆಲ್ದೂರು, ಮೂಡಿಗೆರೆ, ಕಳಸದ ಜನರಿಗೆ ಇದರಿಂದ ಏನು ಪ್ರಯೋಜನ? ಒಂದೊಂದಾಗಿ ನೋಡೋಣ.

ಮೊದಲು ಲೆಕ್ಕ ಇಟ್ಟವರು

1. ಫ್ಲಾರೆನ್ಸ್ ನೈಟಿಂಗೇಲ್ ಎಂದರೆ ದೀಪ ಹಿಡಿದ ದಾದಿ ಎಂದು ಶಾಲೆಯಲ್ಲಿ ಓದಿದ್ದೇವೆ. ಆಕೆ ಅಂಕಿಸಂಖ್ಯೆಗಳಲ್ಲೂ ಪಳಗಿದವರು. ಲಂಡನ್ನಿನ ಸ್ಟ್ಯಾಟಿಸ್ಟಿಕಲ್ ಸೊಸೈಟಿ 1858ರಲ್ಲಿ ಸದಸ್ಯತ್ವ ಕೊಟ್ಟ ಮೊದಲ ಮಹಿಳೆ ಆಕೆಯೇ. ಎಲ್ಲ ಆಸ್ಪತ್ರೆಗಳೂ ರೋಗ, ಶಸ್ತ್ರಚಿಕಿತ್ಸೆ, ಸಾವುಗಳ ಲೆಕ್ಕವನ್ನು ಒಂದೇ ನಮೂನೆಯಲ್ಲಿ ಇಡಬೇಕೆಂದು ಆಗಲೇ ಒತ್ತಾಯಿಸಿದ್ದರು.

2. ಅಮೆರಿಕದ ಬಾಸ್ಟನ್ನಿನಲ್ಲಿ ಅರ್ನೆಸ್ಟ್ ಕಾಡ್‌ಮನ್ ಎಂಬ ಶಸ್ತ್ರವೈದ್ಯರಿದ್ದರು. ಚಿಕಿತ್ಸೆ ಮುಗಿದ ಮೇಲೂ ಪ್ರತಿ ರೋಗಿಯ ಬೆನ್ನು ಹತ್ತಿ, ಕೊನೆಗೆ ಏನಾಯಿತೆಂದು ಬರೆದಿಡಬೇಕು ಎಂಬುದು ಅವರ ವಾದ. 1911ರಿಂದ 1916ರ ನಡುವೆ ತಮ್ಮ ಪುಟ್ಟ ಆಸ್ಪತ್ರೆಯಿಂದ ಮನೆಗೆ ಹೋದ 337 ರೋಗಿಗಳ ಫಲಿತಾಂಶವನ್ನು ಅವರು ಅಚ್ಚು ಹಾಕಿಸಿದರು. ಅದರಲ್ಲಿ 123 ತಪ್ಪುಗಳನ್ನು ತಾವೇ ಗುರುತಿಸಿದ್ದರು. ಆ ಕಾಲದ ವೈದ್ಯಲೋಕ ಅವರನ್ನು ದೂರ ಇಟ್ಟಿತು. ಇಂದು ಆಸ್ಪತ್ರೆಗಳ ಗುಣಮಟ್ಟದ ಮಾತು ಬಂದಾಗಲೆಲ್ಲ ಮೊದಲು ನೆನೆಯುವ ಹೆಸರು ಅವರದೇ.

3. ಹೃದಯದ ರಕ್ತನಾಳಕ್ಕೆ ಬಲೂನ್ ತೂರಿಸಿ ಅಡಚಣೆ ಬಿಡಿಸುವ ಆಂಜಿಯೋಪ್ಲಾಸ್ಟಿ ಮೊದಲ ಬಾರಿಗೆ ನಡೆದದ್ದು 1977ರ ಸೆಪ್ಟೆಂಬರ್ 16ರಂದು, ಜೂರಿಕ್ ನಗರದಲ್ಲಿ. ಮಾಡಿದವರು ಆಂಡ್ರಿಯಾಸ್ ಗ್ರುಂಟ್‌ಜಿಗ್. ರೋಗಿಯ ವಯಸ್ಸು 38. ಎರಡೇ ವರ್ಷದಲ್ಲಿ, 1979ರಲ್ಲಿ, ಈ ಚಿಕಿತ್ಸೆ ಪಡೆದವರ ವಿವರ ದಾಖಲಿಸಲು ಅಂತರರಾಷ್ಟ್ರೀಯ ನೋಂದಣಿಯೊಂದು ಅಮೆರಿಕದಲ್ಲಿ ಶುರುವಾಯಿತು. ಹೊಸ ಚಿಕಿತ್ಸೆಯೂ ಅದರ ಲೆಕ್ಕವೂ ಜೊತೆಜೊತೆಗೇ ಬೆಳೆದವು.

4. ಭಾರತದಲ್ಲಿ ಆಂಜಿಯೋಪ್ಲಾಸ್ಟಿಗೆ ದಾರಿ ಹಾಕಿದವರು ಡಾ. ಮ್ಯಾಥ್ಯೂ ಸ್ಯಾಮುಯೆಲ್ ಕಲರಿಕ್ಕಲ್. 1986ರಲ್ಲಿ ಆರಂಭಿಸಿದ ಅವರು ಮುಂದೆ ರಾಷ್ಟ್ರೀಯ ಆಂಜಿಯೋಪ್ಲಾಸ್ಟಿ ನೋಂದಣಿಗೂ ನಾಂದಿ ಹಾಡಿದರು. ವೈದ್ಯರ ಸಂಘ ದೇಶದ ಒಟ್ಟು ಅಂಕಿಗಳನ್ನು ಸಂಗ್ರಹಿಸುವ ಪರಿಪಾಠ ಇಂದಿಗೂ ಇದೆ. ಆಸ್ಪತ್ರೆವಾರು ಫಲಿತಾಂಶ ಮಾತ್ರ ಜನರವರೆಗೆ ಬಂದಿಲ್ಲ.

ನ್ಯೂಯಾರ್ಕ್ ಹಾಕಿದ ಪಟ್ಟಿ

5. ಬೈಪಾಸ್ ಶಸ್ತ್ರಚಿಕಿತ್ಸೆಯ ಸಾವಿನ ಪ್ರಮಾಣವನ್ನು ಆಸ್ಪತ್ರೆಯ ಹೆಸರು ಹಿಡಿದು ಪ್ರಕಟಿಸಿದ ಮೊದಲ ಸರ್ಕಾರಗಳಲ್ಲಿ ನ್ಯೂಯಾರ್ಕ್ ರಾಜ್ಯ ಮುಂಚೂಣಿಯದು. 1989ರಲ್ಲಿ ಮಾಹಿತಿ ಸಂಗ್ರಹ ಶುರುವಾಯಿತು, 1990ರ ಕೊನೆಗೆ ಪಟ್ಟಿ ಹೊರಬಿತ್ತು. ರೋಗಿಗಳ ಸ್ಥಿತಿಗತಿಯನ್ನು ಸರಿದೂಗಿಸಿದ ಸಾವಿನ ಪ್ರಮಾಣ 1989ರಲ್ಲಿ ಶೇ 4.17 ಇತ್ತು. 1992ಕ್ಕೆ ಶೇ 2.45ಕ್ಕೆ ಇಳಿಯಿತು. ಮೂರು ವರ್ಷದಲ್ಲಿ ಶೇ 41ರಷ್ಟು ಇಳಿಕೆ.

6. 'ಸ್ಥಿತಿಗತಿ ಸರಿದೂಗಿಸುವುದು' ಎಂದರೇನು? 80 ದಾಟಿದ, ಸಕ್ಕರೆ ಕಾಯಿಲೆಯ, ಮೂತ್ರಪಿಂಡ ಸೋತ ರೋಗಿಯ ಅಪಾಯ ಒಂದು. 50ರ ಗಟ್ಟಿಮುಟ್ಟು ದೇಹದ ಅಪಾಯ ಇನ್ನೊಂದು. ಕಷ್ಟದ ರೋಗಿಗಳನ್ನು ಹೆಚ್ಚಾಗಿ ಸೇರಿಸಿಕೊಂಡ ಆಸ್ಪತ್ರೆಗೆ ಅನ್ಯಾಯವಾಗದಂತೆ ಈ ವ್ಯತ್ಯಾಸವನ್ನು ಮೊದಲು ಲೆಕ್ಕ ಹಾಕಿ ಕಳೆಯುತ್ತಾರೆ. ಇದನ್ನು ಮಾಡದೆ ಬರಿ ಸಾವಿನ ಸಂಖ್ಯೆ ಹೋಲಿಸಿದರೆ, ಕಷ್ಟದ ರೋಗಿಗೆ ಬಾಗಿಲು ತೆರೆದವರೇ ಕೆಟ್ಟ ಹೆಸರು ಹೊರಬೇಕಾಗುತ್ತದೆ.

7. ಆಸ್ಪತ್ರೆಗಳ ಹೆಸರೇನೋ ಬಂತು, ಶಸ್ತ್ರವೈದ್ಯರ ಹೆಸರನ್ನು ರಾಜ್ಯ ತಡೆಹಿಡಿದಿತ್ತು. 'ನ್ಯೂಸ್‌ಡೇ' ಪತ್ರಿಕೆ ನ್ಯಾಯಾಲಯದ ಮೆಟ್ಟಿಲೇರಿತು, ಗೆದ್ದಿತು. 1991ರ ಕೊನೆಯಲ್ಲಿ ಒಬ್ಬೊಬ್ಬ ಶಸ್ತ್ರವೈದ್ಯರ ಫಲಿತಾಂಶವೂ ಅಚ್ಚಾಯಿತು. ಮಾಹಿತಿ ಹಕ್ಕು ಆಸ್ಪತ್ರೆಯ ಆಪರೇಷನ್ ಕೋಣೆಯವರೆಗೂ ಹೋದ ಘಟನೆ ಅದು.

8. ಪಟ್ಟಿಯಿಂದ ನಿಜವಾಗಿ ಆಸ್ಪತ್ರೆ ಸುಧಾರಿಸಿತೇ? ಆಲ್ಬನಿ ನಗರದ ಸೇಂಟ್ ಪೀಟರ್ಸ್ ಆಸ್ಪತ್ರೆಯನ್ನು ನೋಡಿ. ಪಟ್ಟಿಯಲ್ಲಿ ಅದರ ಸ್ಥಾನ ಕೆಳಗಿತ್ತು. ವೈದ್ಯರು ತಮ್ಮ ಕಡತಗಳನ್ನು ಬಿಡಿಸಿ ಕೂತರು. ನಿಗದಿ ಮಾಡಿ ನಡೆಸಿದ ಶಸ್ತ್ರಚಿಕಿತ್ಸೆಗಳಲ್ಲಿ ಕೊರತೆ ಕಾಣಲಿಲ್ಲ. ತುರ್ತಾಗಿ ಬಂದವರಲ್ಲೇ ಸಾವು ಹೆಚ್ಚಿತ್ತು. ಕುಸಿದ ಸ್ಥಿತಿಯಲ್ಲಿ ಬಂದವರನ್ನು ನೇರ ಆಪರೇಷನ್ ಮೇಜಿಗೆ ಒಯ್ಯುತ್ತಿದ್ದದ್ದು ಕಾರಣವೆಂದು ಗೊತ್ತಾಯಿತು. ಮೊದಲು ರಕ್ತದೊತ್ತಡ ಸ್ಥಿರಗೊಳಿಸಿ, ಹೃದಯಕ್ಕೆ ಆಸರೆ ಕೊಟ್ಟು, ಆಮೇಲೆ ಕೊಯ್ಯಲು ತೊಡಗಿದರು. 1992ರಲ್ಲಿ ಶೇ 26ರಷ್ಟು ತುರ್ತು ರೋಗಿಗಳು ತೀರಿಕೊಂಡಿದ್ದ ಅದೇ ಆಸ್ಪತ್ರೆಯಲ್ಲಿ 1993ರಲ್ಲಿ ಒಬ್ಬ ತುರ್ತು ರೋಗಿಯೂ ಸಾಯಲಿಲ್ಲ. ವೈದ್ಯರು ಅವರೇ, ಕಟ್ಟಡ ಅದೇ. ಲೆಕ್ಕ ನೋಡಿ ಒಂದು ಕ್ರಮ ಬದಲಿಸಿದ್ದಷ್ಟೇ.

9. ಪಟ್ಟಿ ಇದ್ದರೂ ರೋಗಿಗಳು ನೋಡುತ್ತಾರೆಂದೇನಿಲ್ಲ. ಅಮೆರಿಕದ ಮಾಜಿ ಅಧ್ಯಕ್ಷ ಬಿಲ್ ಕ್ಲಿಂಟನ್ 2004ರ ಸೆಪ್ಟೆಂಬರ್‌ನಲ್ಲಿ ಬೈಪಾಸ್ ಮಾಡಿಸಿಕೊಂಡ ನ್ಯೂಯಾರ್ಕಿನ ಹೆಸರಾಂತ ಆಸ್ಪತ್ರೆಯ ಸಾವಿನ ಪ್ರಮಾಣ, ಆಗಿನ ಪಟ್ಟಿಯ ಪ್ರಕಾರ ರಾಜ್ಯದ ಸರಾಸರಿಗಿಂತ ಮೇಲಿತ್ತು. ಪಟ್ಟಿಯನ್ನು ಹೆಚ್ಚು ಗಮನವಿಟ್ಟು ಓದುವವರು ಆಸ್ಪತ್ರೆಯವರೇ. ತಮ್ಮ ಹೆಸರು ಎಲ್ಲಿದೆ ಎಂಬ ಅರಿವೇ ಅವರನ್ನು ಕೆಲಸಕ್ಕೆ ಹಚ್ಚುತ್ತದೆ.

ಬೇರೆ ಬೇರೆ ದಾರಿಗಳು

10. ಹೆಸರು ಪ್ರಕಟಿಸದೆಯೂ ಸುಧಾರಣೆ ಸಾಧ್ಯ. ಅಮೆರಿಕದ ಈಶಾನ್ಯ ಮೂಲೆಯ ಮೇನ್, ನ್ಯೂ ಹ್ಯಾಂಪ್‌ಶೈರ್, ವರ್ಮಾಂಟ್ ರಾಜ್ಯಗಳ ಹೃದಯ ಶಸ್ತ್ರವೈದ್ಯರು 1987ರಲ್ಲಿ ಒಂದು ಕೂಟ ಕಟ್ಟಿಕೊಂಡರು. ಒಬ್ಬರ ಫಲಿತಾಂಶ ಇನ್ನೊಬ್ಬರಿಗೆ ತೋರಿಸಿದರು, ಒಬ್ಬರ ಆಸ್ಪತ್ರೆಗೆ ಇನ್ನೊಬ್ಬರು ಹೋಗಿ ಕೆಲಸ ನೋಡಿ ಬಂದರು. ಬೈಪಾಸ್ ರೋಗಿಗಳ ಸಾವು ಶೇ 24ರಷ್ಟು ಇಳಿಯಿತು ಎಂಬ ವರದಿ 1996ರಲ್ಲಿ ಬಂತು.

11. ಲೆಕ್ಕ ಮುಚ್ಚಿಟ್ಟರೆ ಏನಾಗುತ್ತದೆ? ಇಂಗ್ಲೆಂಡಿನ ಬ್ರಿಸ್ಟಲ್ ರಾಯಲ್ ಇನ್‌ಫರ್ಮರಿಯ ಕಥೆ ಕೇಳಿ. 1988ರಲ್ಲಿ ಅಲ್ಲಿಗೆ ಬಂದ ಅರಿವಳಿಕೆ ತಜ್ಞ ಡಾ. ಸ್ಟೀಫನ್ ಬೊಲ್ಸಿನ್, ಹೃದಯ ಶಸ್ತ್ರಚಿಕಿತ್ಸೆಯಾದ ಮಕ್ಕಳು ಹೆಚ್ಚು ಸಾಯುತ್ತಿದ್ದಾರೆಂದು ಗಮನಿಸಿ ತಾವೇ ಲೆಕ್ಕ ಇಡತೊಡಗಿದರು. ಮೇಲಿನವರು ಕಿವಿಗೊಡಲಿಲ್ಲ. 1991ರಿಂದ 1995ರ ನಡುವೆ, ಬೇರೆ ಆಸ್ಪತ್ರೆಗಳಿಗೆ ಹೋಲಿಸಿದರೆ, ಒಂದು ವರ್ಷದೊಳಗಿನ 30ರಿಂದ 35 ಮಕ್ಕಳು ಅಲ್ಲಿ ಹೆಚ್ಚುವರಿಯಾಗಿ ಸತ್ತಿದ್ದರು ಎಂದು ಇಯಾನ್ ಕೆನಡಿ ಅಧ್ಯಕ್ಷತೆಯ ವಿಚಾರಣೆ 2001ರಲ್ಲಿ ಹೇಳಿತು. ಆಮೇಲೆಯೇ ಬ್ರಿಟನ್ನಿನಲ್ಲಿ ಹೃದಯ ಶಸ್ತ್ರವೈದ್ಯರ ಫಲಿತಾಂಶ ಸಾರ್ವಜನಿಕವಾದದ್ದು. ಬೊಲ್ಸಿನ್ ದೇಶ ಬಿಟ್ಟು ಆಸ್ಟ್ರೇಲಿಯಾಕ್ಕೆ ಹೋದರು.

12. ಸ್ವೀಡನ್ 2009ರಲ್ಲಿ ತನ್ನ ಹೃದಯ ನೋಂದಣಿಗಳನ್ನೆಲ್ಲ ಸೇರಿಸಿ 'ಸ್ವೀಡ್‌ಹಾರ್ಟ್' ಕಟ್ಟಿತು. ಆ ನೋಂದಣಿಯ ಒಳಗೇ 7,244 ರೋಗಿಗಳ ಪರೀಕ್ಷೆ ನಡೆಸಿ, ಆಂಜಿಯೋಪ್ಲಾಸ್ಟಿಗೆ ಮುನ್ನ ಹೆಪ್ಪನ್ನು ಹೀರಿ ತೆಗೆಯುವ ವಿಧಾನದಿಂದ ಸಾವು ಕಡಿಮೆಯಾಗುವುದಿಲ್ಲವೆಂದು 2013ರಲ್ಲಿ ತೋರಿಸಿದರು. ಬೇಕಾದದ್ದನ್ನು ಸೇರಿಸಲು ಮಾತ್ರವಲ್ಲ, ಬೇಡದ್ದನ್ನು ಬಿಡಲೂ ಲೆಕ್ಕ ಬೇಕು.

13. ಅಮೆರಿಕದ ಎದೆ ಶಸ್ತ್ರವೈದ್ಯರ ಸಂಘ 2010ರಲ್ಲಿ, ಒಪ್ಪಿದ ಆಸ್ಪತ್ರೆಗಳ ಬೈಪಾಸ್ ಫಲಿತಾಂಶವನ್ನು ಒಂದರಿಂದ ಮೂರು ನಕ್ಷತ್ರಗಳಾಗಿ ಪ್ರಕಟಿಸತೊಡಗಿತು. ಕಾನೂನಿನ ಬಲವಂತವಿಲ್ಲದೆ ವೈದ್ಯರೇ ಮುಂದೆ ಬಂದ ಉದಾಹರಣೆ ಇದು.

ಪಟ್ಟಿಯ ಇನ್ನೊಂದು ಮುಖ

14. ಪೆನ್ಸಿಲ್ವೇನಿಯಾ ರಾಜ್ಯವೂ ನ್ಯೂಯಾರ್ಕಿನಂತೆ ಪಟ್ಟಿ ಹಾಕಿತು. 1996ರ ಸಮೀಕ್ಷೆಯೊಂದರಲ್ಲಿ ಅಲ್ಲಿನ ಶೇ 59ರಷ್ಟು ಹೃದ್ರೋಗ ತಜ್ಞರು, ತೀವ್ರ ಕಾಯಿಲೆಯವರಿಗೆ ಶಸ್ತ್ರವೈದ್ಯರನ್ನು ಹುಡುಕುವುದು ಮೊದಲಿಗಿಂತ ಕಷ್ಟವಾಗಿದೆ ಎಂದರು. ತೀರಾ ಅಪಾಯದ ರೋಗಿಗಳನ್ನು ಕೈಗೆತ್ತಿಕೊಳ್ಳಲು ಮನಸ್ಸು ಹಿಂಜರಿಯುತ್ತಿದೆ ಎಂದು ಶೇ 63ರಷ್ಟು ಶಸ್ತ್ರವೈದ್ಯರು ಒಪ್ಪಿಕೊಂಡರು.

15. ಆಂಜಿಯೋಪ್ಲಾಸ್ಟಿಯಲ್ಲೂ ಇದೇ ಭಯ. ಫಲಿತಾಂಶ ಪ್ರಕಟಿಸುವ ರಾಜ್ಯಗಳಲ್ಲಿ 2010ರಲ್ಲಿ ಹೃದಯಾಘಾತವಾದ ಹಿರಿಯ ರೋಗಿಗಳ ಪೈಕಿ ಶೇ 37.7ರಷ್ಟು ಜನರಿಗೆ ಈ ಚಿಕಿತ್ಸೆ ಸಿಕ್ಕಿತು. ಪ್ರಕಟಿಸದ ರಾಜ್ಯಗಳಲ್ಲಿ ಶೇ 42.7ರಷ್ಟು ಜನರಿಗೆ. ಹೆಸರು ಕೆಡುವ ಅಂಜಿಕೆಗೆ ರೋಗಿಯನ್ನೇ ಬಿಟ್ಟರೆ ಲೆಕ್ಕದ ಉದ್ದೇಶವೇ ಹಾಳಾಗುತ್ತದೆ.

16. ಇದಕ್ಕೆ ಮದ್ದೂ ಸಿಕ್ಕಿದೆ. ಹೃದಯ ಪೂರ್ತಿ ಸೋತು ರಕ್ತದೊತ್ತಡ ಕುಸಿದ ಸ್ಥಿತಿಯಲ್ಲಿ ಬರುವವರನ್ನು ನ್ಯೂಯಾರ್ಕ್ 2006ರಿಂದ ಪ್ರಕಟಿತ ಲೆಕ್ಕದಿಂದ ಹೊರಗಿಟ್ಟಿತು. ಜೀವ ಉಳಿಸಲು ಕೊನೆಯ ಪ್ರಯತ್ನ ಮಾಡುವ ವೈದ್ಯರ ಕೈ ಕಟ್ಟಬಾರದೆಂಬ ಕಾಳಜಿ ಅದು. ಅಂಥವರಿಗೆ ಆಂಜಿಯೋಪ್ಲಾಸ್ಟಿ ಮಾಡುವುದು ಆಮೇಲೆ ಹೆಚ್ಚಾಯಿತು.

17. ಸ್ಟೆಂಟ್ ನಿಜಕ್ಕೂ ಬೇಕಿತ್ತೇ ಎಂಬುದೂ ಲೆಕ್ಕಕ್ಕೆ ಬರುತ್ತದೆ. ತುರ್ತಲ್ಲದ ಸ್ಥಿತಿಯಲ್ಲಿ ಹಾಕಿದ ಸ್ಟೆಂಟ್‌ಗಳಲ್ಲಿ ಸೂಕ್ತವಲ್ಲದವು ಎಷ್ಟೆಂದು ಅಮೆರಿಕದ ಆಸ್ಪತ್ರೆಗಳಿಗೆ ತೋರಿಸುತ್ತ ಹೋದರು. 2010ರಲ್ಲಿ ಶೇ 26.2 ಇದ್ದದ್ದು 2014ಕ್ಕೆ ಶೇ 13.3ಕ್ಕೆ ಇಳಿಯಿತು. ಸುಮಾರು ಅರ್ಧ.

18. ನೆನಪಿಡಿ: ಹೃದಯಾಘಾತದ ಹೊತ್ತಿನಲ್ಲಿ ಸ್ಟೆಂಟ್ ಜೀವ ಉಳಿಸುತ್ತದೆ. ನಡೆದಾಗ ಮಾತ್ರ ಎದೆ ಹಿಡಿದು, ಕೂತರೆ ಬಿಡುವ ಸ್ಥಿರ ನೋವಿನವರಲ್ಲಿ ಬಹುಪಾಲು ಜನರಿಗೆ ಔಷಧಕ್ಕಿಂತ ಸ್ಟೆಂಟ್ ಹೆಚ್ಚು ಆಯುಷ್ಯ ಕೊಡುವುದಿಲ್ಲವೆಂದು 5,179 ರೋಗಿಗಳ ದೊಡ್ಡ ಅಧ್ಯಯನ 2019ರಲ್ಲಿ ತೋರಿಸಿತು. ನೋವು ಕಡಿಮೆಯಾಗುವ ಲಾಭ ಬೇರೆ ಮಾತು. ಎರಡರ ನಡುವಿನ ಅಂತರ ರೋಗಿಗೂ ತಿಳಿದಿರಬೇಕು.

ನಮ್ಮ ನಾಡಿನ ಲೆಕ್ಕ

19. ಭಾರತದ ಹೃದಯಾಘಾತಗಳ ದೊಡ್ಡ ಲೆಕ್ಕವೊಂದು ಸಿದ್ಧವಾದದ್ದು ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯ ಮುಂದಾಳತ್ವದಲ್ಲಿ. ಡಾ. ಡೆನಿಸ್ ಝೇವಿಯರ್ ಮತ್ತು ಸಂಗಡಿಗರು 89 ಕೇಂದ್ರಗಳ 20,468 ರೋಗಿಗಳ ವಿವರ ಕಲೆಹಾಕಿ 2008ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದರು. ನೋವು ಶುರುವಾದಾಗಿನಿಂದ ಆಸ್ಪತ್ರೆ ತಲುಪುವವರೆಗಿನ ಮಧ್ಯಾಂಕ ಸಮಯ 360 ನಿಮಿಷ. ಅಂದರೆ ಆರು ಗಂಟೆ! ತಲುಪಿದ ಮೇಲೆ ಹೆಪ್ಪು ಕರಗಿಸುವ ಔಷಧ ಸಿಗಲು ಹಿಡಿದದ್ದು 50 ನಿಮಿಷ.

20. ಅದೇ ಅಧ್ಯಯನದ ಇನ್ನೊಂದು ಅಂಕಿ ಮನಸ್ಸು ಕಲಕುತ್ತದೆ. 30 ದಿನಗಳೊಳಗೆ ಬಡವರಲ್ಲಿ ಶೇ 8.2ರಷ್ಟು ಜನ ಸತ್ತರು, ಅನುಕೂಲಸ್ಥರಲ್ಲಿ ಶೇ 5.5. ಚಿಕಿತ್ಸೆಯಲ್ಲಿನ ವ್ಯತ್ಯಾಸವೇ ಇದಕ್ಕೆ ಹೆಚ್ಚಿನ ಕಾರಣ. ತೋಟದ ಮಾಲೀಕನ ಹೃದಯಕ್ಕೂ ಲೈನ್ ಮನೆಯ ಕಾರ್ಮಿಕನ ಹೃದಯಕ್ಕೂ ಒಂದೇ ಔಷಧ ಸಿಕ್ಕಿದರೆ ಈ ಅಂತರ ಬಹುಮಟ್ಟಿಗೆ ಮುಚ್ಚುತ್ತದೆ ಎಂಬ ಭರವಸೆಯೂ ಅದರಲ್ಲೇ ಇದೆ.

21. ಕೇರಳದ 63 ಆಸ್ಪತ್ರೆಗಳಲ್ಲಿ 2014ರಿಂದ 2016ರವರೆಗೆ, ತಪಾಸಣಾ ಪಟ್ಟಿ ಮತ್ತು ತಿಂಗಳ ಲೆಕ್ಕಪತ್ರ ಕೊಟ್ಟು ಹೃದಯಾಘಾತ ಚಿಕಿತ್ಸೆ ಸುಧಾರಿಸುತ್ತದೆಯೇ ಎಂದು 21,374 ರೋಗಿಗಳಲ್ಲಿ ನೋಡಿದರು. ಎಲ್ಲ ಅಂಶ ಸರಿದೂಗಿಸಿದ ಮೇಲೆ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಆ ಫಲಿತಾಂಶವನ್ನೂ ಅವರು ಮುಚ್ಚಿಡದೆ 2018ರಲ್ಲಿ ಪ್ರಕಟಿಸಿದರು. ಕಾಗದದ ಪಟ್ಟಿಯೊಂದೇ ಸಾಲದು, ವ್ಯವಸ್ಥೆಯೂ ಬದಲಾಗಬೇಕೆಂದು ಅದರಿಂದ ಕಲಿಯಬಹುದು.

22. ವ್ಯವಸ್ಥೆ ಬದಲಿಸಿದ್ದು ತಮಿಳುನಾಡು. ಸಣ್ಣ ಆಸ್ಪತ್ರೆಗಳನ್ನು ದೊಡ್ಡ ಆಸ್ಪತ್ರೆಗೆ ಆಂಬುಲೆನ್ಸ್, ಇಸಿಜಿ, ಫೋನಿನ ಮೂಲಕ ಜೋಡಿಸಿದ ಪ್ರಯೋಗದಲ್ಲಿ 2,420 ರೋಗಿಗಳಿದ್ದರು. ಒಂದು ವರ್ಷದೊಳಗಿನ ಸಾವು ಶೇ 17.6ರಿಂದ ಶೇ 14.2ಕ್ಕೆ ಇಳಿಯಿತು.

23. ಕರ್ನಾಟಕದ ವಾಜಪೇಯಿ ಆರೋಗ್ಯಶ್ರೀ 2010ರಲ್ಲಿ ಉತ್ತರದ ಜಿಲ್ಲೆಗಳಲ್ಲಿ ಮೊದಲು ಜಾರಿಯಾಯಿತು. ಯೋಜನೆ ಇದ್ದ ಮತ್ತು ಇಲ್ಲದ ಅಕ್ಕಪಕ್ಕದ ಹಳ್ಳಿಗಳನ್ನು ಹೋಲಿಸಿದ ಸಂಶೋಧನೆ 2014ರಲ್ಲಿ ಪ್ರಕಟವಾಯಿತು. ಹೃದ್ರೋಗ, ಕ್ಯಾನ್ಸರ್‌ನಂಥ, ಯೋಜನೆಯ ವ್ಯಾಪ್ತಿಗೆ ಬರುವ ಕಾಯಿಲೆಗಳ ಸಾವು ಯೋಜನೆ ಇದ್ದ ಹಳ್ಳಿಗಳ ಬಡ ಕುಟುಂಬಗಳಲ್ಲಿ ಶೇ 64ರಷ್ಟು ಕಡಿಮೆಯಿತ್ತು.

24. ಬೆಲೆಯ ಲೆಕ್ಕವೂ ಒಮ್ಮೆ ಬಯಲಾಯಿತು. 2017ರ ಫೆಬ್ರವರಿಯಲ್ಲಿ ಕೇಂದ್ರದ ಬೆಲೆ ಪ್ರಾಧಿಕಾರ, ಔಷಧ ಸವರಿದ ಸ್ಟೆಂಟ್‌ಗೆ 29,600 ರೂಪಾಯಿ, ಬರಿ ಲೋಹದ ಸ್ಟೆಂಟ್‌ಗೆ 7,260 ರೂಪಾಯಿ ಎಂದು ಮಿತಿ ಹಾಕಿತು. ಅದಕ್ಕೂ ಮುಂಚೆ ಒಂದೇ ಸ್ಟೆಂಟ್‌ಗೆ ಲಕ್ಷ ಮೀರಿದ ಬಿಲ್ಲುಗಳನ್ನು ಕುಟುಂಬಗಳು ಕಟ್ಟಿದ್ದವು.

25. ಕರ್ನಾಟಕದ ಖಾಸಗಿ ಆಸ್ಪತ್ರೆಗಳು ದರಪಟ್ಟಿಯನ್ನು ಕಾಣುವಂತೆ ಹಾಕಬೇಕೆಂದು 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಹೇಳುತ್ತದೆ. ದರ ಗೋಡೆಯ ಮೇಲೆ ಬಂದಿದೆ. ಅದರ ಪಕ್ಕದಲ್ಲಿ ಫಲಿತಾಂಶಕ್ಕೂ ಜಾಗ ಬೇಕು.

26. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆ, ಚಿಕ್ಕ ವಯಸ್ಸಿನಲ್ಲೇ ಹೃದಯದ ರಕ್ತನಾಳದ ಕಾಯಿಲೆ ಬಂದವರಿಗಾಗಿ 2017ರಿಂದ ಪ್ರತ್ಯೇಕ ನೋಂದಣಿ ನಡೆಸುತ್ತಿದೆ. ಯುವಕರ ಹೃದಯಾಘಾತದ ಬಗ್ಗೆ ನಮ್ಮ ನೆಲದ ಮಾಹಿತಿ ಸಿಗುವುದು ಇಂಥ ತಾಳ್ಮೆಯ ಕೆಲಸದಿಂದ.

27. ಲೆಕ್ಕ ಇಲ್ಲದಾಗ ಗಾಳಿಸುದ್ದಿ ಓಡಾಡುತ್ತದೆ. 2025ರ ಜೂನ್ ಹೊತ್ತಿಗೆ ನಮ್ಮ ನೆರೆಯ ಹಾಸನ ಜಿಲ್ಲೆಯಲ್ಲಿ 20ಕ್ಕೂ ಹೆಚ್ಚು ಜನ ಹೃದಯಾಘಾತದಿಂದ ಹಠಾತ್ ಸತ್ತರೆಂಬ ಸುದ್ದಿ ಹಬ್ಬಿದಾಗ ಮಲೆನಾಡೇ ನಡುಗಿತು. ಜಯದೇವ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ ಪ್ರಕರಣಗಳನ್ನು ಪರಿಶೀಲಿಸಿತು. ಆಸ್ಪತ್ರೆಯ ಹೊರಗಿನ ಹಠಾತ್ ಸಾವುಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕು, ಮರಣೋತ್ತರ ಪರೀಕ್ಷೆ ನಡೆಯಬೇಕು ಎಂಬ ನಿರ್ಧಾರವನ್ನು ಸರ್ಕಾರ ಜುಲೈನಲ್ಲಿ ಪ್ರಕಟಿಸಿತು.

ಆಲ್ದೂರಿನ ಗಡಿಯಾರ

28. ರೋಗಿ ಆಸ್ಪತ್ರೆಯ ಬಾಗಿಲು ದಾಟಿದಲ್ಲಿಂದ ಬಲೂನ್ ರಕ್ತನಾಳ ತೆರೆಯುವವರೆಗಿನ ಸಮಯ 90 ನಿಮಿಷದೊಳಗಿರಬೇಕು ಎಂಬುದು ಪ್ರಸಿದ್ಧ ಗುರಿ. ಅಮೆರಿಕದ ಆಸ್ಪತ್ರೆಗಳು ಅದನ್ನು ಅಳೆದು, ವರದಿ ಮಾಡಿ, 2005ರ 96 ನಿಮಿಷವನ್ನು 2010ಕ್ಕೆ 64ಕ್ಕೆ ಇಳಿಸಿದವು. ತಂತ್ರ ಸರಳ: ತುರ್ತು ವಿಭಾಗದ ವೈದ್ಯರೇ ಒಂದೇ ಕರೆಯಲ್ಲಿ ಆಂಜಿಯೋಪ್ಲಾಸ್ಟಿ ನಡೆಸುವ ಇಡೀ ಕ್ಯಾಥ್ ಲ್ಯಾಬ್ ತಂಡವನ್ನು ಎಬ್ಬಿಸಬಹುದೆಂಬ ಅಧಿಕಾರ.

29. ಹಾಗಿದ್ದರೂ ಸಾವಿನ ಪ್ರಮಾಣ ಅದೇ ವೇಗದಲ್ಲಿ ಇಳಿಯಲಿಲ್ಲ ಎಂದು 2013ರ ಅಧ್ಯಯನ ಹೇಳಿತು. ಗಡಿಯಾರ ಆಸ್ಪತ್ರೆಯ ಬಾಗಿಲಲ್ಲಿ ಶುರುವಾಗುತ್ತಿತ್ತು. ಹೃದಯದ ಸ್ನಾಯು ಸಾಯಲು ತೊಡಗುವುದು ಮನೆಯಲ್ಲಿ, ತೋಟದಲ್ಲಿ, ಬಸ್ಸಿನಲ್ಲಿ. ಆಲ್ದೂರಿಗೆ ಚಿಕ್ಕಮಗಳೂರು ಸುಮಾರು 20 ಕಿ.ಮೀ. ಕಳಸದವರಿಗೆ ಜಿಲ್ಲಾ ಕೇಂದ್ರ ಎರಡು ಗಂಟೆಯ ತಿರುವುಮುರುವು ಹಾದಿ. ಮಂಗಳೂರಿಗೆ ಇಳಿಯಬೇಕಾದರೆ ಚಾರ್ಮಾಡಿ ಘಾಟಿ. 2019ರ ಮಳೆಗಾಲದಲ್ಲಿ ಗುಡ್ಡ ಜರಿದು ಅದೂ ಮುಚ್ಚಿತ್ತು. ನಮ್ಮ ಗಡಿಯಾರ ಎದೆನೋವು ಬಂದ ಗಳಿಗೆಯಿಂದಲೇ ಓಡಬೇಕು.

30. ಹೆಪ್ಪು ಕರಗಿಸುವ ಔಷಧವನ್ನು ನೋವು ಶುರುವಾದ ಒಂದು ಗಂಟೆಯೊಳಗೆ ಕೊಟ್ಟರೆ ಸಾವು ಶೇ 47ರಷ್ಟು ಕಡಿಮೆಯಾಯಿತೆಂದು 1986ರಲ್ಲೇ ಇಟಲಿಯ ದೊಡ್ಡ ಅಧ್ಯಯನ ತೋರಿಸಿತ್ತು. ಮೂರು ಗಂಟೆಯ ಮೇಲೆ ಕೊಟ್ಟವರಲ್ಲಿ ಲಾಭ ಶೇ 17ಕ್ಕೆ ಇಳಿದಿತ್ತು. 'ಗೋಲ್ಡನ್ ಅವರ್' ಎಂದು ವೈದ್ಯರು ಮತ್ತೆ ಮತ್ತೆ ಹೇಳುವುದರ ಹಿಂದಿನ ಅಂಕಿ ಇದು.

31. ದೂರದ ಊರಿನವರಿಗೆ ಹೆಪ್ಪು ಕರಗಿಸುವ ಈ ಇಂಜೆಕ್ಷನ್ ಎರಡನೇ ದರ್ಜೆಯ ಚಿಕಿತ್ಸೆಯೇ? ಖಂಡಿತ ಅಲ್ಲ. ಒಂದು ಗಂಟೆಯೊಳಗೆ ಆಂಜಿಯೋಪ್ಲಾಸ್ಟಿ ಸಿಗದ, ನೋವು ಶುರುವಾಗಿ ಮೂರು ಗಂಟೆಯೊಳಗೆ ಬಂದ 1,892 ರೋಗಿಗಳಲ್ಲಿ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಕೊಟ್ಟು ಆಮೇಲೆ ಆಂಜಿಯೋಗ್ರಾಮ್ ಮಾಡಿದ ಗುಂಪು, ನೇರ ಆಂಜಿಯೋಪ್ಲಾಸ್ಟಿ ಮಾಡಿದ ಗುಂಪಿಗೆ ಸರಿಸಮನಾಗಿ ನಿಂತಿತು. ವರದಿ ಬಂದದ್ದು 2013ರಲ್ಲಿ. ಮೆದುಳಿನ ರಕ್ತಸ್ರಾವದ ಅಪಾಯ ಸ್ವಲ್ಪ ಹೆಚ್ಚೆಂದು ಕಂಡಾಗ 75 ದಾಟಿದವರಿಗೆ ಔಷಧವನ್ನು ಅರ್ಧಕ್ಕಿಳಿಸಿದರು. ಲೆಕ್ಕ ಇಟ್ಟಿದ್ದರಿಂದಲೇ ಆ ತಿದ್ದುಪಡಿ ಸಾಧ್ಯವಾಯಿತು.

32. ಆ ಇಂಜೆಕ್ಷನ್ ಕರ್ನಾಟಕದ ತಾಲ್ಲೂಕು ಆಸ್ಪತ್ರೆಗಳಲ್ಲಿ ಉಚಿತವಾಗಿ ಸಿಗುವಂತೆ ಮಾಡಿದ ಯೋಜನೆಗೆ 2021ರ ಅಕ್ಟೋಬರ್ 29ರಂದು, 46ನೇ ವಯಸ್ಸಿನಲ್ಲಿ ನಮ್ಮನ್ನಗಲಿದ ಪುನೀತ್ ರಾಜ್‌ಕುಮಾರ್ ಅವರ ಹೆಸರಿದೆ: ಹೃದಯ ಜ್ಯೋತಿ. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆಯುತ್ತಾರೆ, ಅದು ಕಂಪ್ಯೂಟರ್ ಜಾಲದ ಮೂಲಕ ಜಯದೇವದಂಥ ದೊಡ್ಡ ಕೇಂದ್ರಕ್ಕೆ ಹೋಗುತ್ತದೆ, ಅಲ್ಲಿನ ತಜ್ಞರು ಕೆಲವೇ ನಿಮಿಷಗಳಲ್ಲಿ ನೋಡಿ ಹೇಳುತ್ತಾರೆ. ಹೃದಯಾಘಾತ ಖಚಿತವಾದರೆ ಅಲ್ಲೇ ಇಂಜೆಕ್ಷನ್, ಆಮೇಲೆ ದೊಡ್ಡ ಆಸ್ಪತ್ರೆಗೆ ಪ್ರಯಾಣ. ಹೊರಗೆ ಈ ಔಷಧಕ್ಕೆ 30,000 ರೂಪಾಯಿ ಮತ್ತು ಅದಕ್ಕೂ ಮೇಲೆ ಕೊಡಬೇಕು.

33. ಸರ್ಕಾರಕ್ಕೂ ಮುಂಚೆ ಈ ಗುಡ್ಡಗಳಿಗೆ ಇಸಿಜಿ ತಂದವರಲ್ಲಿ ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಒಬ್ಬರು. 2018ರಲ್ಲಿ 'ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್' ಶುರುಮಾಡಿ, ಚಿಕ್ಕಮಗಳೂರು ಜಿಲ್ಲೆಯೂ ಸೇರಿದಂತೆ ಕರಾವಳಿ, ಮಲೆನಾಡಿನ ಗ್ರಾಮೀಣ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರ ಕೊಡಿಸಿದರು. ವೈದ್ಯರ ವಾಟ್ಸ್‌ಆ್ಯಪ್ ಗುಂಪು ಕಟ್ಟಿದರು. ಹಳ್ಳಿಯ ವೈದ್ಯರು ಕಳಿಸಿದ ಇಸಿಜಿಗೆ ತಜ್ಞರ ಉತ್ತರ ಕೂಡಲೇ ಬರುತ್ತದೆ. ಅಂಗೈಯ ಫೋನ್ ಇಷ್ಟು ಒಳ್ಳೆಯ ಕೆಲಸಕ್ಕೆ ಒದಗಿದ್ದು ಅಪರೂಪ.

34. ಎದೆನೋವಿನವರಿಗೆ ಆಸ್ಪತ್ರೆ ಮುಟ್ಟಿದ 10 ನಿಮಿಷದೊಳಗೆ ಇಸಿಜಿ ಆಗಬೇಕು. ಇದು ಜಗತ್ತೇ ಒಪ್ಪಿದ ನಿಯಮ. ದೊಡ್ಡ ಯಂತ್ರ ಬೇಡ, ದೊಡ್ಡ ಕಟ್ಟಡವೂ ಬೇಡ.

35. 'ಗ್ಯಾಸ್ಟ್ರಿಕ್ ಇರಬೇಕು' ಎಂಬ ಮಾತು ನಮ್ಮ ಮನೆಗಳಲ್ಲಿ ಗಂಟೆಗಳನ್ನೇ ತಿನ್ನುತ್ತದೆ. ಎದೆ ಬಿಗಿತ, ಎಡಗೈ ಅಥವಾ ದವಡೆಗೆ ಹರಿಯುವ ನೋವು, ತಣ್ಣನೆ ಬೆವರು, ಏದುಸಿರು ಬಂದರೆ ತಡಮಾಡಬೇಡಿ. ಹೆಂಗಸರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಬರಿ ಸುಸ್ತು, ವಾಕರಿಕೆಯಾಗಿಯೂ ಹೃದಯಾಘಾತ ಕಾಣಿಸಿಕೊಳ್ಳಬಹುದು. ಕೊಯ್ಲಿನ ಸಮಯ, ಕೂಲಿ ಹೋಗುತ್ತದೆ ಎಂದು ಸಂಜೆವರೆಗೆ ಕಾಯುವುದು ಬೇಡ. ರೈಟರು, ಮೇಸ್ತ್ರಿಗಳು ಈ ಲಕ್ಷಣಗಳನ್ನು ತಿಳಿದಿದ್ದರೆ ತೋಟದಲ್ಲೇ ಗಡಿಯಾರ ಬೇಗ ಓಡತೊಡಗುತ್ತದೆ.

36. ಕರ್ನಾಟಕದಲ್ಲಿ 108 ಆಂಬುಲೆನ್ಸ್ 'ಆರೋಗ್ಯ ಕವಚ' ಶುರುವಾದದ್ದು 2008ರ ನವೆಂಬರ್ 1ರಂದು. ಕರೆ ಬಂದ ಸಮಯ, ತಲುಪಿದ ಸಮಯ, ಆಸ್ಪತ್ರೆಗೆ ಬಿಟ್ಟ ಸಮಯ ಮೂರೂ ಅಲ್ಲಿ ದಾಖಲಾಗುತ್ತವೆ.

ಕೇಳಬೇಕಾದ ಪ್ರಶ್ನೆಗಳು

37. ತುರ್ತಲ್ಲದ ಸ್ಟೆಂಟ್ ಅಥವಾ ಬೈಪಾಸ್‌ಗೆ ಒಪ್ಪುವ ಮುನ್ನ ವೈದ್ಯರನ್ನು ಗೌರವದಿಂದ ಇಷ್ಟು ಕೇಳಬಹುದು: ನನ್ನ ಸ್ಥಿತಿಯಲ್ಲಿ ಇದು ಆಯುಷ್ಯಕ್ಕಾಗಿಯೋ, ನೋವು ಕಡಿಮೆ ಮಾಡಲೋ? ಔಷಧದಿಂದ ನೋಡಬಹುದೇ? ಇಲ್ಲಿ ವರ್ಷಕ್ಕೆ ಎಷ್ಟು ಮಾಡುತ್ತೀರಿ? ನನ್ನಂಥವರ ಫಲಿತಾಂಶ ಹೇಗಿದೆ? ಒಳ್ಳೆಯ ವೈದ್ಯರು ಈ ಪ್ರಶ್ನೆಗಳಿಗೆ ಬೇಸರಿಸುವುದಿಲ್ಲ. ಹೃದಯಾಘಾತವೇ ನಡೆಯುತ್ತಿದ್ದರೆ ಮಾತ್ರ ಪ್ರಶ್ನೆಗಳಿಗೆ ಸಮಯವಿಲ್ಲ. ಚಿಕಿತ್ಸೆಗೆ ಕೂಡಲೇ ಒಪ್ಪಿ.

38. ಸರ್ಕಾರಿ ಯೋಜನೆಗಳಡಿ ನಡೆಯುವ ಪ್ರತಿ ಸ್ಟೆಂಟ್, ಪ್ರತಿ ಬೈಪಾಸ್‌ಗೂ ಆಸ್ಪತ್ರೆಗಳು ದಾಖಲೆ ಕೊಟ್ಟೇ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್‌ನಿಂದ ಹಣ ಪಡೆಯುತ್ತವೆ. ಅಂದರೆ ಲೆಕ್ಕದ ಅರ್ಧ ಭಾಗ ಈಗಾಗಲೇ ಸರ್ಕಾರದ ಕೈಯಲ್ಲಿದೆ. ರೋಗಿಗಳ ಹೆಸರು ತೆಗೆದು, ಸ್ಥಿತಿಗತಿ ಸರಿದೂಗಿಸಿ, ಕಷ್ಟದ ರೋಗಿಗಳನ್ನು ಸೇರಿಸಿಕೊಳ್ಳುವವರಿಗೆ ರಕ್ಷಣೆ ಕೊಟ್ಟು ಅದನ್ನು ಪ್ರಕಟಿಸುವುದು ಅಸಾಧ್ಯದ ಮಾತೇನಲ್ಲ. ನ್ಯೂಯಾರ್ಕಿನ ಲಾಭವೂ ಪೆನ್ಸಿಲ್ವೇನಿಯಾದ ಪಾಠವೂ ನಮ್ಮ ಕಣ್ಣ ಮುಂದಿವೆ.

39. ದೊಡ್ಡ ಪಟ್ಟಿ ಬರುವವರೆಗೆ ಸಣ್ಣದೊಂದನ್ನು ಈ ತಿಂಗಳೇ ಶುರುಮಾಡಬಹುದು. ಚಿಕ್ಕಮಗಳೂರು ಜಿಲ್ಲೆಯ ಪ್ರತಿ ಸರ್ಕಾರಿ ಆಸ್ಪತ್ರೆಯ ಬಾಗಿಲಲ್ಲಿ ನಾಲ್ಕು ಸಾಲಿನ ಫಲಕ ಸಾಕು: ಎದೆನೋವೆಂದು ಬಂದವರು ಎಷ್ಟು, 10 ನಿಮಿಷದೊಳಗೆ ಇಸಿಜಿ ಆದದ್ದು ಎಷ್ಟು ಜನರಿಗೆ, ಇಂಜೆಕ್ಷನ್ ಎಷ್ಟು ನಿಮಿಷಕ್ಕೆ ಸಿಕ್ಕಿತು, ಎಷ್ಟು ಜನ ಉಳಿದರು. ಯಾರನ್ನೂ ದೂಷಿಸಲು ಈ ಫಲಕ ಬೇಡ. ಹಗಲಿರುಳು ದುಡಿಯುವ ವೈದ್ಯರಿಗೆ, ದಾದಿಯರಿಗೆ ಎಲ್ಲಿ ಕೈ ಸಾಲದು, ಎಲ್ಲಿ ಯಂತ್ರ ಕೆಟ್ಟಿದೆ, ಎಲ್ಲಿ ಆಂಬುಲೆನ್ಸ್ ತಡವಾಗುತ್ತಿದೆ ಎಂದು ಊರಿಗೇ ಕಾಣಲಿ. ಕಂಡ ಕೊರತೆಯನ್ನು ತುಂಬಿಸಲು ಬೆಳೆಗಾರರ ಸಂಘ, ಗ್ರಾಮ ಪಂಚಾಯಿತಿ, ಶಾಸಕರು ಎಲ್ಲರೂ ಹೆಗಲು ಕೊಡಬಹುದು. ಮುಂದಿನ ಗ್ರಾಮಸಭೆಯಲ್ಲಿ ರಸ್ತೆ, ಚರಂಡಿಯ ಜೊತೆಗೆ ಈ ಫಲಕದ ಬೇಡಿಕೆಯನ್ನೂ ಬರೆಸಿ, ಠರಾವು ಮಾಡಿಸಿ.